ಅಂಟಿಲ್ಲ, ಮೊಳೆಯಿಲ್ಲ: ಮರದ ಪೀಪಾಯಿ ನಿಲ್ಲುವುದು ಹೇಗೆ?

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆಯ ಅಡಿಕೆ ತೋಟದವರಿಗೆ ಒಂದೇ ಚಿಂತೆ. ಮದ್ದು ಬಿಡಬೇಕು. ಕೊಳೆರೋಗ ಬಾರದ ಹಾಗೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಗೊನೆಗಳಿಗೆ ಹೊಡೆಯಬೇಕು. ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಈ ಕೆಲಸ ತೋಟದಲ್ಲಿ ಶುರುವಾಗುತ್ತಿರಲಿಲ್ಲ, ಕೊಟ್ಟಿಗೆಯ ಮೂಲೆಯಲ್ಲಿ ಶುರುವಾಗುತ್ತಿತ್ತು. ಅಲ್ಲಿ ಒಂದು ಮರದ ಪೀಪಾಯಿ ಇತ್ತು. ಅಜ್ಜ ಮಂಗಳೂರಿನಿಂದ ಹಳೆಯದನ್ನು ಕೊಂಡು ತಂದದ್ದು. ಒಂದು ಬದಿಯ ಮುಚ್ಚಳ ತೆಗೆದಿದ್ದರು. ಮದ್ದು ಬಿಡುವುದಕ್ಕೆ ಮೂರು ದಿನ ಮೊದಲೇ ಅದನ್ನು ಅಂಗಳಕ್ಕೆ ಉರುಳಿಸಿ ತಂದು, ಬಾವಿಯಿಂದ ನೀರು ಸೇದಿ ತುಂಬಿಸುತ್ತಿದ್ದರು.

ಮೊದಲ ದಿನ ನೋಡುವುದಕ್ಕೆ ಬೇಸರ. ತುಂಬಿದ ನೀರು ಹಲಗೆ ಹಲಗೆಗಳ ನಡುವಿನಿಂದ ಸೋರಿ ಅಂಗಳವೆಲ್ಲ ಕೆಸರು. ಮಕ್ಕಳಾದ ನಮಗೆ ಮತ್ತೆ ಮತ್ತೆ ನೀರು ಹೊರುವ ಕೆಲಸ. ಎರಡನೇ ದಿನ ಅಲ್ಲೊಂದು ಇಲ್ಲೊಂದು ಹನಿ. ಮೂರನೇ ದಿನ ಬೆಳಗ್ಗೆ ಪೀಪಾಯಿಯ ಹೊರಮೈ ಒಣಗಿರುತ್ತಿತ್ತು, ಒಳಗಿನ ನೀರು ಹಾಗೇ ನಿಂತಿರುತ್ತಿತ್ತು. ಯಾರೂ ಮೇಣ ಮೆತ್ತಿಲ್ಲ, ಯಾರೂ ಸಂದು ಮುಚ್ಚಿಲ್ಲ. "ಅದಕ್ಕೆ ಆಸರಾಯಿದು ಮಾಣಿ. ಸುರುವಿಂಗೆ ಅದು ನೀರು ಕುಡಿಯಲಿ" ಅಂತ ಅಜ್ಜ ಹೇಳುತ್ತಿದ್ದರು. ಆಸರು ಅಂದರೆ ನಮ್ಮ ಕಡೆ ಬಾಯಾರಿಕೆ.

ಅಜ್ಜ ತೀರಿಕೊಂಡ ಮೇಲೆ ಪ್ಲಾಸ್ಟಿಕ್ ಡ್ರಮ್ಮು ಬಂತು. ಪೀಪಾಯಿಗೆ ನೀರು ಕೊಡುವವರು ಯಾರೂ ಇರಲಿಲ್ಲ. ನಾಲ್ಕೈದು ಬೇಸಿಗೆ ಹಾಗೇ ಹೋಯಿತು. ಒಂದು ದಿನ ಕೊಟ್ಟಿಗೆ ಗುಡಿಸುವಾಗ ನಾನು ಅದನ್ನು ಸ್ವಲ್ಪ ಸರಿಸಿದೆ. ಕಬ್ಬಿಣದ ಬಳೆಗಳು ಠಣಠಣ ಅಂತ ಕೆಳಗೆ ಜಾರಿದವು. ಮರುಕ್ಷಣ ಹಲಗೆಗಳೆಲ್ಲ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುತ್ತಲೂ ಬಿಚ್ಚಿ ಬಿದ್ದವು. ಕೂತು ಎಣಿಸಿದೆ. 30 ಹಲಗೆ, 6 ಬಳೆ, ಒಂದು ಮುಚ್ಚಳ. ಹಲಗೆಯಿಂದ ಹಲಗೆಗೆ ಒಂದು ಮೊಳೆಯೂ ಇರಲಿಲ್ಲ, ಅಂಟಿನ ಗುರುತೂ ಇರಲಿಲ್ಲ. ಇಷ್ಟು ವರ್ಷ ಇದು ನಿಂತಿದ್ದಾದರೂ ಯಾವುದರ ಮೇಲೆ? ಅವತ್ತು ಹುಟ್ಟಿದ ಈ ಪ್ರಶ್ನೆಗೆ ಸಿಕ್ಕಿದ ಉತ್ತರವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಆಕಾರದಿಂದ ಶುರು ಮಾಡೋಣ. ಒಂದು ಚಕ್ಕೋತ ಹಣ್ಣು ಸುಲಿದು ತೊಳೆಗಳನ್ನು ನೋಡಿ. ಪ್ರತಿ ತೊಳೆಯೂ ಹೊರಗಡೆ ದಪ್ಪ, ಒಳಗಡೆ ಸಪೂರ. ತುದಿಗಳಲ್ಲಿ ಚೂಪು, ನಡುವೆ ಅಗಲ. ಅಂಥ ತೊಳೆಗಳನ್ನು ಸುತ್ತಲೂ ಜೋಡಿಸಿ ಹೊರಗಿನಿಂದ ಎರಡೂ ಕೈಯಲ್ಲಿ ಅದುಮಿದರೆ ಏನಾಗುತ್ತದೆ? ಒಂದೂ ಒಳಗೆ ಬೀಳುವುದಿಲ್ಲ. ಒಳಗೆ ಹೋಗಬೇಕೆಂದರೆ ಅದರ ದಪ್ಪ ಬೆನ್ನು ಪಕ್ಕದ ಎರಡು ತೊಳೆಗಳ ನಡುವಿನ ಸಣ್ಣ ಜಾಗದಲ್ಲಿ ತೂರಬೇಕು, ಅದು ಸಾಧ್ಯವಿಲ್ಲ. ಅದುಮಿದಷ್ಟೂ ಒಂದನ್ನೊಂದು ಬಿಗಿಯಾಗಿ ಒತ್ತುತ್ತವೆ. ಕಲ್ಲು ಕಟ್ಟಿದ ದುಂಡನೆಯ ಬಾವಿಯೂ ಹೀಗೆಯೇ ನಿಲ್ಲುವುದು. ಸುತ್ತಲಿನ ಮಣ್ಣು ಒಳಗೆ ತಳ್ಳುತ್ತದೆ, ಕಲ್ಲುಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಪೀಪಾಯಿಯಲ್ಲಿ ಆ ಮಣ್ಣಿನ ಕೆಲಸ ಮಾಡುವುದು ಕಬ್ಬಿಣದ ಬಳೆ.

ಹಾಗಾಗಿ ಪೀಪಾಯಿಯ ಹಲಗೆ ನಾವು ಪೇಟೆಯಿಂದ ತರುವ ಚಪ್ಪಟೆ ಹಲಗೆಯಂತಲ್ಲ. ಅದನ್ನು ನಾಲ್ಕು ಸಲ ಕೆತ್ತುತ್ತಾರೆ. ಎರಡೂ ತುದಿಗಳನ್ನು ಸಪೂರ ಮಾಡುತ್ತಾರೆ. ಹೊರಮೈಯನ್ನು ಉಬ್ಬು ಮಾಡುತ್ತಾರೆ. ಒಳಮೈಯನ್ನು ಸ್ವಲ್ಪ ತೋಡುತ್ತಾರೆ. ಕೊನೆಗೆ ಎರಡೂ ಅಂಚುಗಳನ್ನು ಓರೆಯಾಗಿ ಕೀಸುತ್ತಾರೆ. ಈ ಕೊನೆಯದೇ ಎಲ್ಲಕ್ಕಿಂತ ಕಷ್ಟದ್ದು.

ಲೆಕ್ಕ ಹಾಕಿದರೆ ಯಾಕೆಂದು ತಿಳಿಯುತ್ತದೆ. ಫ್ರಾನ್ಸಿನ ಬೋರ್ಡೋ ಊರಿನ ದ್ರಾಕ್ಷಾರಸದ ಪೀಪಾಯಿ 225 ಲೀಟರಿನದು. ಎತ್ತರ ಸುಮಾರು 95 ಸೆಂಟಿಮೀಟರ್. ಹೊಟ್ಟೆಯ ಹತ್ತಿರ ಅಡ್ಡಗಲ ಸುಮಾರು 70 ಸೆಂಟಿಮೀಟರ್, ತುದಿಯಲ್ಲಿ ಸುಮಾರು 57. ಅಂದರೆ ಹೊಟ್ಟೆಯ ಸುತ್ತಳತೆ 220 ಸೆಂಟಿಮೀಟರ್, ತುದಿಯ ಸುತ್ತಳತೆ 179. ಇದನ್ನು 30 ಹಲಗೆಗಳಿಗೆ ಹಂಚಿದರೆ ಪ್ರತಿ ಹಲಗೆ ನಡುವಿನಲ್ಲಿ 7.3 ಸೆಂಟಿಮೀಟರ್, ತುದಿಯಲ್ಲಿ 6 ಸೆಂಟಿಮೀಟರ್ ಅಗಲ ಬರಬೇಕು. ಒಂದು ಸುತ್ತಿಗೆ 360 ಡಿಗ್ರಿ. 30 ಹಲಗೆಗೆ ತಲಾ 12 ಡಿಗ್ರಿ. ಪ್ರತಿ ಹಲಗೆಗೆ ಎರಡು ಅಂಚು. ಹಾಗಾಗಿ ಒಂದೊಂದು ಅಂಚಿಗೆ 6 ಡಿಗ್ರಿ ಓರೆ. ಹಲಗೆಗಳ ಅಗಲ ಒಂದೇ ಸಮ ಇರುವುದೂ ಇಲ್ಲ. ಅಗಲದ ಹಲಗೆಗೆ ಓರೆ ಜಾಸ್ತಿ, ಸಪೂರದ್ದಕ್ಕೆ ಕಡಿಮೆ. ಆ ಓರೆ ಈ ತುದಿಯಿಂದ ಆ ತುದಿಯವರೆಗೆ, ಬಾಗಿದ ಅಂಚಿನುದ್ದಕ್ಕೂ ತಪ್ಪಬಾರದು.

ಇದನ್ನು ಹಳೆಯ ಕೆಲಸಗಾರರು ಅಳತೆಪಟ್ಟಿ ಹಿಡಿದು ಮಾಡುತ್ತಿರಲಿಲ್ಲ, ಕಣ್ಣಳತೆಯಲ್ಲೇ ಮಾಡುತ್ತಿದ್ದರು. ಅವರ ಕೀಸುಳಿಯೂ ಬೇರೆ ಥರ. ನಮ್ಮ ಆಚಾರಿ ಮರವನ್ನು ಮಲಗಿಸಿ ಅದರ ಮೇಲೆ ಕೀಸುಳಿ ಓಡಿಸುತ್ತಾರೆ. ಪೀಪಾಯಿ ಮಾಡುವವರು ಆಳೆತ್ತರದ ಉದ್ದನೆಯ ಕೀಸುಳಿಯನ್ನೇ ಮಗುಚಿ ಇಟ್ಟು, ಅದರ ಅಲಗಿನ ಮೇಲೆ ಹಲಗೆಯನ್ನು ಓಡಿಸುತ್ತಾರೆ. ನಾವು ಮೆಟ್ಟುಕತ್ತಿಯ ಮೇಲೆ ತರಕಾರಿ ಓಡಿಸುವ ಹಾಗೆ. ಕತ್ತಿ ಅಲುಗದೆ ನಿಂತರೆ ಎರಡೂ ಕೈ ಹಲಗೆಯ ಮೇಲಿರುತ್ತದೆ, ಓರೆಯನ್ನು ಕೈಯೇ ತಿಳಿಯುತ್ತದೆ.

ಇನ್ನು ಹಲಗೆ ಬಾಗಿಸುವುದು. 30 ಹಲಗೆಗಳನ್ನು ಒಂದು ಬಳೆಯೊಳಗೆ ಸುತ್ತಲೂ ನಿಲ್ಲಿಸುತ್ತಾರೆ. ಕೊನೆಯ ಹಲಗೆಯನ್ನು ಸುತ್ತಿಗೆಯಿಂದ ತಟ್ಟಿ ಸೇರಿಸಬೇಕು, ಅಷ್ಟು ಬಿಗಿ. ಈಗ ಮೇಲ್ತುದಿ ಒಟ್ಟಾಗಿದೆ, ಕೆಳತುದಿ ಬುಡ ಹರಡಿದ ಲಂಗದ ಹಾಗೆ ತೆರೆದಿದೆ. ಅದನ್ನು ಹಾಗೇ ಎಳೆದು ಸೇರಿಸಿದರೆ ಹಲಗೆ ಮುರಿಯುತ್ತದೆ. ಅದಕ್ಕೆ ಒಳಗೆ ಸಣ್ಣ ಕಬ್ಬಿಣದ ಬುಟ್ಟಿಯಲ್ಲಿ ಮರದ ಚೂರುಗಳ ಬೆಂಕಿ ಇಟ್ಟು, ಹೊರಮೈಗೆ ನೀರು ಹಚ್ಚುತ್ತಾ ಹೋಗುತ್ತಾರೆ. ಮರದ ನಾರುಗಳನ್ನು ಒಂದಕ್ಕೊಂದು ಹಿಡಿದಿಡುವ ಲಿಗ್ನಿನ್ ಅನ್ನುವ ವಸ್ತು ಬಿಸಿ ಮತ್ತು ತೇವ ಎರಡೂ ಸಿಕ್ಕಿದಾಗ ಮೆತ್ತಗಾಗುತ್ತದೆ. ಆಗ ಕೆಳತುದಿಗೆ ಹಗ್ಗ ಸುತ್ತಿ, ತಿರುಗಣೆಯಿಂದ ನಿಧಾನವಾಗಿ ಬಿಗಿಯುತ್ತಾರೆ. ಹಲಗೆಗಳು ಬಾಗಿ ಒಂದಕ್ಕೊಂದು ಬಂದು ಸೇರುತ್ತವೆ. ತಣಿದ ಮೇಲೆ ಲಿಗ್ನಿನ್ ಮತ್ತೆ ಗಟ್ಟಿ, ಬಾಗು ಖಾಯಂ. ಅಡಿಕೆ ಕೊಯ್ಯುವ ದೋಟಿಗೆ ಸೊಟ್ಟ ಬಿದಿರು ಸಿಕ್ಕಿದರೆ ಬೆಂಕಿಗೆ ಹಿಡಿದು ನೇರ ಮಾಡುತ್ತಾರಲ್ಲ, ಅದೇ ವಿದ್ಯೆ ಇದು.

ಹೊಟ್ಟೆ ಉಬ್ಬಿರುವುದು ಚಂದಕ್ಕೆ ಅಂತ ನಾನು ತುಂಬ ಕಾಲ ಅಂದುಕೊಂಡಿದ್ದೆ. ಆ ಉಬ್ಬು ಇಲ್ಲದಿದ್ದರೆ ಬಳೆಯೇ ನಿಲ್ಲುವುದಿಲ್ಲ.

ಎತ್ತಿನ ಗಾಡಿಯ ಚಕ್ರಕ್ಕೆ ಹಳಿ ಕಟ್ಟುವುದನ್ನು ನೋಡಿದವರಿಗೆ ಇಲ್ಲಿ ಒಂದು ಗೊಂದಲ ಆಗುತ್ತದೆ. ಚಕ್ರದ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸುತ್ತಾರೆ. ಕಬ್ಬಿಣ 100 ಡಿಗ್ರಿ ಬಿಸಿಯಾದರೆ ಮೀಟರಿಗೆ ಸುಮಾರು 1.2 ಮಿಲಿಮೀಟರ್ ಹಿಗ್ಗುತ್ತದೆ. ಒಂದೂವರೆ ಮೀಟರ್ ಅಡ್ಡಗಲದ ಚಕ್ರದ ಹಳಿ 500 ಡಿಗ್ರಿ ಕಾದರೆ ಸುತ್ತಳತೆ ಎರಡೂವರೆ ಸೆಂಟಿಮೀಟರಿಗಿಂತ ಜಾಸ್ತಿ ಬೆಳೆಯುತ್ತದೆ. ಆಗ ಚಕ್ರಕ್ಕೆ ತೊಡಿಸಿ ನೀರು ಹೊಯ್ದರೆ ಕುಗ್ಗಿ ಹಿಡಿಯುತ್ತದೆ. ಪೀಪಾಯಿಯ ಬಳೆಯನ್ನೂ ಹೀಗೆ ಕಾಯಿಸಿ ಹಾಕುತ್ತಾರೆ ಅಂತ ಹಲವರ ನಂಬಿಕೆ. ಇಲ್ಲ, ಅದನ್ನು ತಣ್ಣಗಿರುವಾಗಲೇ ಹೊಡೆದು ಕೂರಿಸುತ್ತಾರೆ. ಬೆಂಕಿ ಮಾಡುವ ಕೆಲಸವನ್ನು ಇಲ್ಲಿ ಇಳಿಜಾರು ಮಾಡುತ್ತದೆ.

ಪೀಪಾಯಿಯ ತುದಿ ಸಣ್ಣ, ಹೊಟ್ಟೆ ದೊಡ್ಡ. ತುದಿಯಿಂದ ತೂರಿಸಿದ ಬಳೆ ಹೊಟ್ಟೆಯ ಕಡೆಗೆ ಹೋದಷ್ಟೂ ಬಿಗಿಯಾಗಬೇಕು. ಮೇಲಿನ ಅಳತೆಯ ಪೀಪಾಯಿಯಲ್ಲಿ ತುದಿಯಿಂದ ನಡುವಿನವರೆಗೆ ಸುಮಾರು 47 ಸೆಂಟಿಮೀಟರ್ ದೂರ. ಅಷ್ಟರಲ್ಲಿ ಸುತ್ತಳತೆ 41 ಸೆಂಟಿಮೀಟರ್ ಹೆಚ್ಚುತ್ತದೆ. ಅಂದರೆ ಬಳೆಯನ್ನು ಒಂದು ಸೆಂಟಿಮೀಟರ್ ಹೊಟ್ಟೆಯ ಕಡೆಗೆ ಹೊಡೆದರೆ ಸರಾಸರಿ 8-9 ಮಿಲಿಮೀಟರ್ ಜಾಸ್ತಿ ಸುತ್ತಳತೆಯ ಮರವನ್ನು ಅದು ತಬ್ಬಬೇಕು. ಕಬ್ಬಿಣ ಅಷ್ಟು ಹಿಗ್ಗುವುದಿಲ್ಲ. ಹಾಗಾಗಿ ಮರವೇ ಒತ್ತಿಕೊಳ್ಳಬೇಕು. ಸುತ್ತಿಗೆಯ ಸಣ್ಣ ಪೆಟ್ಟು ಹೀಗೆ ಸುತ್ತಲಿನ ದೊಡ್ಡ ಬಿಗಿತವಾಗುತ್ತದೆ. ಬೆಣೆ ಹೊಡೆದು ಕಟ್ಟಿಗೆ ಸೀಳುವಾಗ ಆಗುವುದೂ ಇದೇ. ಇಲ್ಲಿ ಇಡೀ ಪೀಪಾಯಿಯೇ ಒಂದು ದುಂಡನೆಯ ಬೆಣೆ.

ಹೊಡೆದು ಕೂರಿಸಿದ ಬಳೆ ವಾಪಸು ಯಾಕೆ ಜಾರುವುದಿಲ್ಲ? ಇಳಿಜಾರು ಸಣ್ಣದು, ಮರ ಮತ್ತು ಕಬ್ಬಿಣದ ನಡುವಿನ ತಿಕ್ಕಾಟ ಅದಕ್ಕಿಂತ ದೊಡ್ಡದು. ಆದರೆ ತಿಕ್ಕಾಟ ಇರಬೇಕಾದರೆ ಒತ್ತಡ ಇರಬೇಕು. ಮರ ಒಣಗಿ ಕುಗ್ಗಿದರೆ ಒತ್ತಡವೇ ಇಲ್ಲ. ನಮ್ಮ ಕೊಟ್ಟಿಗೆಯಲ್ಲಿ ಬಳೆ ಜಾರಿದ್ದು ಅದಕ್ಕೇ.

ಬಳೆಯನ್ನು ಸರಿಯಾಗಿ ನೋಡಿದರೆ ಇನ್ನೊಂದು ಸೂಕ್ಷ್ಮ ಕಾಣುತ್ತದೆ. ಅದು ಸಮ ಉರುಟಿನ ಪಟ್ಟಿಯಲ್ಲ. ಒಂದು ಅಂಚನ್ನು ಬಡಿದು ಸ್ವಲ್ಪ ಅಗಲಿಸಿರುತ್ತಾರೆ, ಇಳಿಜಾರಿಗೆ ಮೈಯೊತ್ತಿ ಕೂರಲಿ ಅಂತ. ತುದಿಗಳನ್ನು ರಿವೆಟ್ ಹೊಡೆದು ಸೇರಿಸಿರುತ್ತಾರೆ. ಕಬ್ಬಿಣ ದುಬಾರಿಯಾಗಿದ್ದ ಕಾಲದಲ್ಲಿ ಯುರೋಪಿನಲ್ಲಿ ಸೀಳಿದ ಎಳೆಯ ಕೋಲುಗಳನ್ನೇ ಬಳೆಯಾಗಿ ಕಟ್ಟುತ್ತಿದ್ದರು. ಜಪಾನಿನಲ್ಲಿ ಸೋಯಾ ಸಾಸ್ ಹುಳಿಯಿಸುವ ಆಳೆತ್ತರದ ಮರದ ಬಾನಿಗಳಿಗೆ ಹೆಣೆದ ಬಿದಿರಿನ ಬಳೆ ಹಾಕುತ್ತಾರೆ. ದೊಡ್ಡವು 5,000 ಲೀಟರಿಗಿಂತ ಹೆಚ್ಚು ಹಿಡಿಯುತ್ತವೆ, ನೂರು ವರ್ಷ ದಾಟಿದವೂ ಕೆಲಸದಲ್ಲಿವೆ. ಬಿದಿರಿನ ಬುಟ್ಟಿ, ಕುಕ್ಕೆ ಹೆಣೆಯುವ ನಮ್ಮ ಊರಿನವರಿಗೆ ಅದು ಆಶ್ಚರ್ಯ ಅನ್ನಿಸಲಿಕ್ಕಿಲ್ಲ.

ಮುಚ್ಚಳದ ವಿಷಯ ಬೇಗ ಮುಗಿಸುತ್ತೇನೆ. ಹಲಗೆಗಳ ಒಳಮೈಯಲ್ಲಿ ತುದಿಯಿಂದ ಸ್ವಲ್ಪ ಕೆಳಗೆ ಸುತ್ತಲೂ ಒಂದು ಕಚ್ಚು ಕೊರೆದಿರುತ್ತಾರೆ. ಐದಾರು ಹಲಗೆ ಸೇರಿಸಿದ ದುಂಡು ಮುಚ್ಚಳದ ಅಂಚನ್ನು ತೆಳ್ಳಗೆ ಮಾಡಿ ಆ ಕಚ್ಚಿಗೆ ಕೂರಿಸುತ್ತಾರೆ. ಮುಚ್ಚಳದ ಹಲಗೆಗಳ ನಡುವೆ ಮರದ ಸಣ್ಣ ಗೂಟಗಳು ಇರುತ್ತವೆ, ಸಂದಿಗೆ ಒಣಗಿದ ಜೊಂಡಿನ ಎಲೆ ಇಡುತ್ತಾರೆ. ಜೊಂಡು ನೀರು ಕುಡಿದು ಉಬ್ಬಿ ಸಂದು ಮುಚ್ಚುತ್ತದೆ. ತುದಿಯ ಬಳೆ ಸಡಿಲಿಸಿ, ಮುಚ್ಚಳ ಒಳಗಿಳಿಸಿ, ಕಚ್ಚಿಗೆ ಎಳೆದು, ಮತ್ತೆ ಬಳೆ ಹೊಡೆದರೆ ಮುಗಿಯಿತು. ತುಂಬಿಸುವ ತೂತನ್ನು ಹೊಟ್ಟೆಯ ನಡುವೆ, ಎಲ್ಲಕ್ಕಿಂತ ಅಗಲದ ಹಲಗೆಯಲ್ಲಿ ಕೊರೆಯುತ್ತಾರೆ.

ಇಷ್ಟಾದರೂ ಪೀಪಾಯಿ ಸೋರುತ್ತದೆ. ಎಷ್ಟೇ ನುಣ್ಣಗೆ ಕೀಸಿದರೂ ಮರಕ್ಕೂ ಮರಕ್ಕೂ ನಡುವೆ ಕೂದಲೆಳೆಯ ಸಂದು ಉಳಿಯುತ್ತದೆ. ಅದನ್ನು ಮುಚ್ಚುವುದು ನೀರೇ.

ಆಟಿ ತಿಂಗಳಲ್ಲಿ ನಮ್ಮ ಕಡೆ ಎಷ್ಟು ಮನೆಯ ಬಾಗಿಲು ಸರಿಯಾಗಿ ಮುಚ್ಚುತ್ತದೆ ಹೇಳಿ! ಜೂನ್‌ವರೆಗೆ ಸಲೀಸಾಗಿದ್ದ ಬಾಗಿಲು ಜುಲೈಗೆ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಹೆಗಲು ಕೊಟ್ಟು ತಳ್ಳಬೇಕು. ಆದರೆ ಅದು ಕಚ್ಚುವುದು ಹೆಚ್ಚಾಗಿ ಪಕ್ಕದಲ್ಲಿ. ಬಾಗಿಲು ಎತ್ತರಕ್ಕೆ ಬೆಳೆಯುವುದಿಲ್ಲ, ಅಗಲಕ್ಕೆ ಬೆಳೆಯುತ್ತದೆ. ಮರದ ನಾರು ಸಣ್ಣ ಕೊಳವೆಗಳ ಕಟ್ಟಿನ ಹಾಗೆ. ನೀರು ಕುಡಿದರೆ ಕೊಳವೆಯ ಗೋಡೆ ದಪ್ಪವಾಗುತ್ತದೆ, ಕೊಳವೆಯ ಉದ್ದ ಬದಲಾಗುವುದಿಲ್ಲ ಅನ್ನುವಷ್ಟು ಕಡಿಮೆ. ಹಸಿಮರ ಪೂರ್ತಿ ಒಣಗಿದರೆ ಉದ್ದದಲ್ಲಿ ನೂರಕ್ಕೆ 0.1ರಿಂದ 0.3 ಪಾಲು ಮಾತ್ರ ಕುಗ್ಗುತ್ತದೆ. ಅಡ್ಡಕ್ಕೆ ಕುಗ್ಗುವುದು ಅದರ ಹತ್ತಾರು ಪಟ್ಟು.

ಇದನ್ನು ಪೀಪಾಯಿಗೆ ಅನ್ವಯಿಸಿ ನೋಡಿ. ಬೇಸಿಗೆಯಲ್ಲಿ ಒಣಗಿ ಹಲಗೆಗಳ ಅಗಲ ನೂರಕ್ಕೆ ಒಂದು ಪಾಲು ಕುಗ್ಗಿತು ಅಂದುಕೊಳ್ಳಿ. 220 ಸೆಂಟಿಮೀಟರ್ ಸುತ್ತಳತೆಯಲ್ಲಿ ಅದು 2.2 ಸೆಂಟಿಮೀಟರ್. ಅದನ್ನು 30 ಸಂದುಗಳಿಗೆ ಹಂಚಿದರೆ ಒಂದೊಂದು ಸಂದು 0.7 ಮಿಲಿಮೀಟರ್. ಒಂದು ಮಿಲಿಮೀಟರೂ ಇಲ್ಲ. ಆದರೆ ಅಂಗಳ ಕೆಸರಾಗುವುದಕ್ಕೆ ಅಷ್ಟು ಸಾಕು. ನೀರು ತುಂಬಿಸಿದಾಗ ಒಳಮೈ ಮೊದಲು ಕುಡಿಯುತ್ತದೆ, ಹಲಗೆ ಅಗಲವಾಗುತ್ತದೆ, ಸಂದು ಮುಚ್ಚುತ್ತದೆ. ಸಂದು ಮುಚ್ಚಿದ ಮೇಲೂ ಮರ ಇನ್ನಷ್ಟು ಉಬ್ಬಲು ನೋಡುತ್ತದೆ. ಹೊರಗೆ ಬಳೆ ಬಿಡುವುದಿಲ್ಲ. ಹೋಗಲು ಜಾಗವಿಲ್ಲದೆ ಹಲಗೆಯ ಅಂಚು ಪಕ್ಕದ ಅಂಚಿಗೆ ಒತ್ತಿಕೊಳ್ಳುತ್ತದೆ. ಆ ಒತ್ತಡದಲ್ಲಿ ಎರಡು ಮರದ ಮೈಗಳ ಉಬ್ಬುತಗ್ಗುಗಳು ನಜ್ಜಾಗಿ ಒಂದರೊಳಗೊಂದು ಕೂರುತ್ತವೆ. ಅಂಟಿಗಿಂತ ಒಳ್ಳೆಯ ಜೋಡಣೆ ಇದು. ಅಂಟು ಹಳೆಯದಾದಂತೆ ಸೋಲುತ್ತದೆ, ಇದು ಒಳಗೆ ನೀರಿರುವಷ್ಟು ಕಾಲ ತನ್ನನ್ನು ತಾನೇ ಬಿಗಿ ಮಾಡಿಕೊಳ್ಳುತ್ತಿರುತ್ತದೆ.

ಗುಡ್ಡಕ್ಕೆ ಅಡ್ಡ ಕೊರೆದ ನೀರಿನ ಸುರಂಗದಿಂದ ತೋಟಕ್ಕೆ ನೀರು ತರುವ ಅಡಿಕೆ ಮರದ ದಂಬೆಯಲ್ಲೂ ಇದನ್ನು ಕಂಡಿದ್ದೇನೆ. ಬಿಸಿಲಿಗೆ ಬಿರಿದ ದಂಬೆ ಮೊದಲ ದಿನ ಸೋರುತ್ತದೆ, ನೀರು ಹರಿಯುತ್ತಾ ಹೋದರೆ ಸಣ್ಣ ಬಿರುಕುಗಳು ತಾವೇ ಕೂಡಿಕೊಳ್ಳುತ್ತವೆ. ಮರದ ದೋಣಿಯವರಿಗೂ ಇದು ಗೊತ್ತು. ದಡದಲ್ಲಿ ತಿಂಗಳುಗಟ್ಟಲೆ ಒಣಗಿದ ದೋಣಿ ನೀರಿಗಿಳಿಸಿದ ಮೊದಲ ದಿನ ಒಳಗೆ ನೀರು ಬಿಡುತ್ತದೆ.

ಒಂದು ಎಚ್ಚರಿಕೆಯ ಮಾತು. ಒಣಗುವುದು, ನೆನೆಯುವುದು ವರ್ಷ ವರ್ಷ ನಡೆದರೆ ಅಂಚಿನ ನಾರು ಪ್ರತಿ ಸಲ ಸ್ವಲ್ಪ ನಜ್ಜಾಗುತ್ತದೆ. ನಜ್ಜಾದದ್ದು ಪೂರ್ತಿ ವಾಪಸು ಬರುವುದಿಲ್ಲ. ಮುಂದಿನ ಬೇಸಿಗೆಯಲ್ಲಿ ಸಂದು ಇನ್ನೂ ಸ್ವಲ್ಪ ದೊಡ್ಡದು. ಅಜ್ಜ ನೀರು ತುಂಬುವ ಮೊದಲು ಉಳಿಯ ಹಿಂಬದಿ ಇಟ್ಟು ಬಳೆಗಳನ್ನು ಸುತ್ತಲೂ ಟಕಟಕ ಹೊಡೆಯುತ್ತಿದ್ದುದು ಇದಕ್ಕೇ ಅಂತ ನನಗೆ ಅರ್ಥವಾದದ್ದು ಎಷ್ಟೋ ವರ್ಷದ ಮೇಲೆ.

ಸಂದು ಮುಚ್ಚಿತು ಸರಿ. ಆದರೆ ಹಲಗೆಯೇ ಸೋರಿದರೆ? ಮರ ಅಂದರೆ ನೀರು ಸಾಗಿಸುವ ಕೊಳವೆಗಳ ರಾಶಿ ತಾನೆ? ಯುರೋಪಿನವರು ಓಕ್ ಮರವನ್ನು, ಅದರಲ್ಲೂ ಬಿಳಿ ಓಕನ್ನು ಹಿಡಿದುಕೊಂಡದ್ದು ಈ ಕಾರಣಕ್ಕೆ. ಬಿಳಿ ಓಕ್‌ನ ಹೊರಗಿನ ಎಳೆಮರ ಬಲಿತು ತಿರುಳಾಗುವಾಗ, ಕೊಳವೆಗಳ ಪಕ್ಕದ ಜೀವಕೋಶಗಳು ಸಣ್ಣ ಬಲೂನಿನ ಹಾಗೆ ಕೊಳವೆಯೊಳಗೆ ಉಬ್ಬಿ ಅದನ್ನು ಮುಚ್ಚಿಬಿಡುತ್ತವೆ. ಇದಕ್ಕೆ ಟೈಲೋಸ್ ಅನ್ನುತ್ತಾರೆ. ಅದರ ನೆಂಟ ಕೆಂಪು ಓಕ್‌ನಲ್ಲಿ ಹೀಗೆ ಮುಚ್ಚುವುದಿಲ್ಲ. ಕೆಂಪು ಓಕ್‌ನ ತುಂಡಿನ ಒಂದು ತುದಿಗೆ ಬಾಯಿಟ್ಟು ಊದಿ, ಇನ್ನೊಂದು ತುದಿಯನ್ನು ನೀರಿನಲ್ಲಿ ಅದ್ದಿದರೆ ಗುಳ್ಳೆ ಬರುತ್ತದೆ. ಅದರಲ್ಲಿ ಪೀಪಾಯಿ ಮಾಡಿದರೆ ರಸವೆಲ್ಲ ಹೊರಗೆ.

ರಸ ಸೋರಲು ಇನ್ನೊಂದು ದಾರಿಯೂ ಇದೆ. ಕಡಿದ ಮರದ ತುದಿ ನೋಡಿದರೆ ಉಂಗುರಗಳ ಜೊತೆಗೆ ನಡುವಿನಿಂದ ಹೊರಗೆ ಚಕ್ರದ ಕಾಲುಗಳಂತೆ ಗೆರೆಗಳು ಕಾಣುತ್ತವೆ. ಓಕ್‌ನಲ್ಲಿ ಇವು ಬರಿಗಣ್ಣಿಗೆ ಕಾಣುವಷ್ಟು ದಪ್ಪ. ಈ ಗೆರೆಗಳ ಮೂಲಕವೂ ರಸ ಅಡ್ಡಕ್ಕೆ ಸಾಗುತ್ತದೆ. ಹಲಗೆಯ ಒಳಮೈಯಿಂದ ಹೊರಮೈಗೆ ಈ ಗೆರೆ ಹಾದುಹೋದರೆ ಅದೇ ಸೋರುವ ದಾರಿ. ಆದ್ದರಿಂದ ಮರವನ್ನು ಆ ಗೆರೆಗಳ ನೇರಕ್ಕೇ ಸೀಳುತ್ತಾರೆ. ಆಗ ಗೆರೆಗಳು ಹಲಗೆಯ ಅಗಲದಲ್ಲಿ ಮಲಗಿರುತ್ತವೆ, ದಪ್ಪವನ್ನು ದಾಟುವುದಿಲ್ಲ. ಕೊಡಲಿಯಲ್ಲಿ ಕಟ್ಟಿಗೆ ಸೀಳಿದವರಿಗೆ ಗೊತ್ತು, ಸೀಳು ತಾನಾಗಿ ನಾರಿನ ಹಿಂದೆಯೇ ಹೋಗುತ್ತದೆ. ಗರಗಸ ಹಾಗಲ್ಲ, ನಾರನ್ನು ನಡುವೆ ಕತ್ತರಿಸಿಬಿಡಬಹುದು. ಯುರೋಪಿನ ಓಕನ್ನು ಇವತ್ತಿಗೂ ಸೀಳುತ್ತಾರೆ. ಇದರಿಂದ ನಷ್ಟ ತುಂಬ. ದಿಮ್ಮಿಯ ಐದನೇ ಒಂದು ಅಥವಾ ನಾಲ್ಕನೇ ಒಂದು ಪಾಲು ಮಾತ್ರ ಹಲಗೆಯಾಗುತ್ತದೆ. ಅಮೆರಿಕದ ಬಿಳಿ ಓಕ್‌ನಲ್ಲಿ ಕೊಳವೆಗಳು ಇನ್ನೂ ಚೆನ್ನಾಗಿ ಮುಚ್ಚಿರುವುದರಿಂದ ಅದನ್ನು ಗರಗಸದಲ್ಲೇ ಕೊಯ್ಯಬಹುದು.

ಹಲಗೆಗಳನ್ನು ಬಯಲಿನಲ್ಲಿ ಅಟ್ಟಿ ಹಾಕಿ ಎರಡು ಮೂರು ವರ್ಷ ಬಿಸಿಲು ಮಳೆಗೆ ಬಿಡುತ್ತಾರೆ. ಇದನ್ನು ತಪ್ಪಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಚರಿತ್ರೆಯಲ್ಲೇ ಉದಾಹರಣೆ ಇದೆ. 1587ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಡ್ರೇಕ್ ಸ್ಪೇನ್ ಮತ್ತು ಪೋರ್ಚುಗಲ್ಲಿನ ಕರಾವಳಿಯಲ್ಲಿ ಒಣಗಿಸಿಟ್ಟಿದ್ದ ಪೀಪಾಯಿ ಹಲಗೆಗಳ ದೊಡ್ಡ ದಾಸ್ತಾನನ್ನು ಸುಟ್ಟುಹಾಕಿದ. ಮರುವರ್ಷ ಸ್ಪೇನಿನ ದೊಡ್ಡ ನೌಕಾಪಡೆ ಹಸಿಮರದ ಪೀಪಾಯಿಗಳನ್ನು ಹೊತ್ತು ಹೊರಡಬೇಕಾಯಿತು. ಹಸಿಮರ ಒಣಗುತ್ತಾ ಕುಗ್ಗಿತು, ನೀರು ಸೋರಿತು, ಆಹಾರ ಕೊಳೆಯಿತು. ಆ ನೌಕಾಪಡೆ ಸೋತದ್ದಕ್ಕೆ ಇತಿಹಾಸಕಾರರು ಕೊಡುವ ಕಾರಣಗಳಲ್ಲಿ ಇದೂ ಒಂದು.

ಪೀಪಾಯಿ ಅನ್ನುವ ಮಾತು ನಮ್ಮಲ್ಲಿಗೆ ಬಂದದ್ದೂ ಅಂಥ ಹಡಗುಗಳಲ್ಲೇ. ಪೋರ್ಚುಗೀಸರ 'ಪೀಪಾ' ಕನ್ನಡದಲ್ಲಿ ಪೀಪಾಯಿ ಆಯಿತು, ತಮಿಳಿನಲ್ಲೂ ಹೆಚ್ಚುಕಡಿಮೆ ಹಾಗೇ, ಮರಾಠಿಯಲ್ಲಿ ಪಿಂಪ್, ಮಲಯಾಳದಲ್ಲಿ ವೀಪ್ಪ. ಕಾಸರಗೋಡು ಪೇಟೆಯ ಒಂದೇ ಅಂಗಡಿಯಲ್ಲಿ ಒಬ್ಬರು ಪೀಪಾಯಿ ಕೇಳಿದರೆ ಇನ್ನೊಬ್ಬರು ವೀಪ್ಪ ಕೇಳುತ್ತಾರೆ. ಇಬ್ಬರಿಗೂ ಸಿಗುವುದು ಅದೇ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಮಾತು ಮಾತ್ರ ಐನೂರು ವರ್ಷ ಹಳೆಯದು.

ಪೀಪಾಯಿ ಪೋರ್ಚುಗೀಸರಿಗಿಂತ ಎಷ್ಟೋ ಹಿಂದಿನದು. ಕ್ರಿ.ಶ. 113ರಲ್ಲಿ ರೋಮಿನಲ್ಲಿ ನಿಲ್ಲಿಸಿದ ಟ್ರಾಜನ್ ದೊರೆಯ ಕಂಬದ ಮೇಲೆ ದೋಣಿಗೆ ಪೀಪಾಯಿ ತುಂಬುವ ಕೆತ್ತನೆ ಇದೆ. ಅದಕ್ಕೂ ಮೊದಲು ರೋಮನ್ನರು ಎರಡು ಹಿಡಿಯ ಮಣ್ಣಿನ ಜಾಡಿಗಳಲ್ಲಿ ಎಣ್ಣೆ, ದ್ರಾಕ್ಷಾರಸ ಸಾಗಿಸುತ್ತಿದ್ದರು. ಅವು ಒಡೆಯುತ್ತವೆ, ತುಂಬ ಭಾರ. ಪೀಪಾಯಿಯನ್ನು ಅವರು ಉತ್ತರದ, ಅಂದರೆ ಈಗಿನ ಫ್ರಾನ್ಸ್ ಕಡೆಯ, ಗಾಲ್ ಜನರಿಂದ ಕಲಿತರು. 225 ಲೀಟರಿನ ತುಂಬಿದ ಪೀಪಾಯಿ ಸುಮಾರು 270 ಕಿಲೋ ತೂಗುತ್ತದೆ. ಉಬ್ಬು ಹೊಟ್ಟೆಯ ಮೇಲೆ ಮಲಗಿಸಿದರೆ ನೆಲಕ್ಕೆ ತಾಗುವುದು ಒಂದು ಅಂಗೈಯಷ್ಟು ಜಾಗ ಮಾತ್ರ. ಒಬ್ಬನೇ ಉರುಳಿಸಬಹುದು, ಬೇಕಾದ ಕಡೆ ತಿರುಗಿಸಬಹುದು. ನೇರ ಕೊಳವೆಯ ಆಕಾರದ ಡ್ರಮ್ಮನ್ನು ಹಾಗೆ ತಿರುಗಿಸಿ ನೋಡಿ, ವ್ಯತ್ಯಾಸ ತಿಳಿಯುತ್ತದೆ. ಇವತ್ತು ವಾರ್ತೆಯಲ್ಲಿ ಕೇಳುವ ಕಚ್ಚಾ ತೈಲದ ಬ್ಯಾರೆಲ್ ಲೆಕ್ಕ, ಅಂದರೆ 159 ಲೀಟರ್, ಅಮೆರಿಕದಲ್ಲಿ ತೈಲವನ್ನು ಮರದ ಪೀಪಾಯಿಗಳಲ್ಲಿ ಸಾಗಿಸುತ್ತಿದ್ದ ಕಾಲದ್ದೇ.

ಮತ್ತೆ ನಮ್ಮ ಅಂಗಳಕ್ಕೆ ಬರುತ್ತೇನೆ. ಮದ್ದಿಗೆ ಮರದ ಪೀಪಾಯಿಯೇ ಯಾಕೆ ಬೇಕಿತ್ತು? ನೂರು ಲೀಟರ್ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿನ ನೀರು ಕಬ್ಬಿಣಕ್ಕೆ ತಾಗಿದರೆ ಕಬ್ಬಿಣ ಕರಗುತ್ತದೆ, ತಾಮ್ರ ಅದರ ಮೇಲೆ ಕೂರುತ್ತದೆ. ಮದ್ದು ಹದ ಬಂತಾ ಅಂತ ನೋಡಲು ಹೊಳೆಯುವ ಚೂರಿಯನ್ನು ಅದ್ದುತ್ತೇವಲ್ಲ, ಅಲಗು ಕೆಂಪಾದರೆ ಸುಣ್ಣ ಸಾಲದು ಅಂತ ಅರ್ಥ. ಅದು ಇದೇ ಗುಣದ ಪರೀಕ್ಷೆ. ಹಾಗಾಗಿ ತಗಡಿನ ಪಾತ್ರೆ ಆಗುವುದಿಲ್ಲ. ಪೀಪಾಯಿಯ ಕಬ್ಬಿಣವೆಲ್ಲ ಹೊರಗಡೆ. ಒಳಗೆ ಒಂದು ಮೊಳೆಯ ತಲೆಯೂ ಇಲ್ಲ. ಮೊಳೆ ಇಲ್ಲದಿರುವುದು ಬರೀ ಕೈಚಳಕ ಅಂತ ಅಂದುಕೊಂಡಿದ್ದೆ, ಅದು ಮದ್ದಿಗೂ ಉಪಕಾರ ಮಾಡುತ್ತಿತ್ತು.

ಈ ಮದ್ದನ್ನು ಲೋಕಕ್ಕೆ ತಿಳಿಸಿದವರು ಬೋರ್ಡೋದ ಪ್ರಾಧ್ಯಾಪಕ ಮಿಲಾರ್ಡೆ. ದಾರಿ ಪಕ್ಕದ ದ್ರಾಕ್ಷಿಯನ್ನು ಜನ ಕೀಳದಿರಲಿ ಅಂತ ಅಲ್ಲಿನ ರೈತರು ಬಳ್ಳಿಗೆ ಮೈಲುತುತ್ತು-ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಬೂಷ್ಟು ರೋಗ ಬಾರದ್ದನ್ನು ಅವರು ಗಮನಿಸಿ 1885ರಲ್ಲಿ ಪ್ರಕಟಿಸಿದರು. ಅಡಿಕೆಯ ಕೊಳೆರೋಗಕ್ಕೆ ಅದನ್ನು ತಂದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್, 1910ರ ಹೊತ್ತಿಗೆ. ಮದ್ದೂ ಬೋರ್ಡೋದ್ದು, 225 ಲೀಟರಿನ ಪೀಪಾಯಿಯ ಅಳತೆಯೂ ಬೋರ್ಡೋದ್ದು. ಇವೆರಡೂ ನಮ್ಮ ಕೊಟ್ಟಿಗೆಯಲ್ಲಿ ಒಟ್ಟಾಗಿದ್ದವು ಅನ್ನುವುದು ನನಗೆ ಈಗಲೂ ಖುಷಿ ಕೊಡುವ ವಿಷಯ.

ಬಿದ್ದ ಹಲಗೆಗಳನ್ನು ನಾನು ಒಲೆಗೆ ಹಾಕಲು ಬಿಡಲಿಲ್ಲ. ಅಟ್ಟದಲ್ಲಿ ಕಟ್ಟಿ ಇಟ್ಟಿದ್ದೇನೆ. ಒಂದನ್ನು ಕೆಳಗಿಳಿಸಿ ಈಗ ಮೇಜಿನ ಮೇಲೆ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಒಳಮೈಯೆಲ್ಲ ಮೈಲುತುತ್ತಿನ ಹಸಿರುನೀಲಿ ಬಣ್ಣ, ಎಷ್ಟು ತೊಳೆದರೂ ಹೋಗದ್ದು. ಹೊರಮೈಯಲ್ಲಿ ಬಳೆ ಕೂತಿದ್ದ ಕಡೆ ಆರು ಕಪ್ಪು ಗುರುತು. ಇನ್ನು ಅಂಚು. ಹಲಗೆಯನ್ನು ಮಗುಚಿ ಓರೆ ಕೀಸಿದ ಅಂಚನ್ನು ಬೆಳಕಿಗೆ ಹಿಡಿದರೆ, ಒಳಗಡೆಯ ಮೂಲೆಯಲ್ಲಿ ದಾರದಷ್ಟು ಸಪೂರದ ನೀಲಿ ಗೆರೆ ಕಾಣುತ್ತದೆ. ಅಲ್ಲಿಂದಾಚೆಗೆ ಅಂಚಿನ ಅಷ್ಟೂ ಅಗಲಕ್ಕೆ ಮರದ್ದೇ ಕಂದು ಬಣ್ಣ.

ಮದ್ದು ಅಲ್ಲಿಯವರೆಗೆ ಬಂದು ನಿಂತಿತ್ತು.